ಮೊದಲು ಓ, ಆಮೇಲೆ ಹುಟ್ಟು

ನೀಲಗಂಗಾಳ ಕೈಚೀಲದಲ್ಲಿ ಒಂದು ಅಂಚೆ ಕಾರ್ಡಿತ್ತು. ಅದು ಬಂದು ಹನ್ನೊಂದು ತಿಂಗಳಾಗಿತ್ತು. ಅವಳು ಉತ್ತರ ಬರೆದಿರಲಿಲ್ಲ.

ಬರೆದವರು ಅವಳ ಗುರು, ಪಂಪಣ್ಣ ಮಾಸ್ತರು.

"ನೀಲವ್ವ, ದಾಕ್ಷಾಯಣಮ್ಮಾರು ಕುರ್ಚಿ ಬಿಟ್ಟರು. ಕಣ್ಣು ಮಂಜಾಗ್ಯಾವ. ಹೊಸಬಾಕಿ ಬಂದಾಳ, ಆಕಿಗೆ ನಿನ್ನ ಪ್ರೋಗ್ರಾಂ ತೋರಿಸಬೇಕು. ಅಮ್ಮಾರು ನಿನ್ನ ಭಾಳ ನೆನಸ್ತಾರ. ಬರ್ತೀಯೇನು?"

ಬರ್ತೀಯೇನು ಎಂದವರಿಗೆ ಬರ್ತೀನಿ ಎಂದು ಒಂದು ಕಾರ್ಡು ಹಾಕಲು ಏನು ದಾಡಿಯಾಗಿತ್ತು ಅವಳಿಗೆ? ರಜೆ ಸಿಗಲಿ, ದಿನ ಗೊತ್ತಾಗಲಿ, ಆಮೇಲೆ ಬರೆದರಾಯಿತು ಎಂದುಕೊಂಡಳು. ಅವಳು ಈಗ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವವಳು. ಪರೀಕ್ಷೆ, ಪೇಪರು ತಿದ್ದುವುದು, ಹೊಸ ಪ್ರವೇಶ. ಒಂದರ ಬಾಲ ಹಿಡಿದು ಇನ್ನೊಂದು ಬಂತು.

ಈಗ ಬಂದಿದ್ದಾಳೆ, ಹೇಳದೆ ಕೇಳದೆ. ನದಿಯ ಮೇಲೆ ಸೇತುವೆಯಾಗಿದೆ. ಬಸ್ಸು ಮಾಸ್ತರು ಇದ್ದ ಆಶ್ರಮದ ಬಾಗಿಲಿಗೇ ತಂದು ಇಳಿಸಿತು.

ಅವಳು ಒಳಗೆ ಹೋಗಲಿಲ್ಲ. ಕಾಲುಗಳು ತಾವಾಗಿಯೇ ಹಳೆಯ ಕಲ್ಲುಕಟ್ಟೆಯ ಕಡೆಗೆ ಹೋದವು. ಮಾಸ್ತರು ಇನ್ನೂ ಇದ್ದಾರೋ ಇಲ್ಲವೋ, ಇದ್ದರೂ ತನ್ನ ಮುಖ ನೋಡುತ್ತಾರೋ ಇಲ್ಲವೋ ಎಂಬ ಹೆದರಿಕೆ ಅವಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅವಳು ಮೆಟ್ಟಿಲ ಮೇಲೆ ಕೂತಳು.

ನೀರು ಹಾಗೇ ಇತ್ತು. ಹರಿಗೋಲು ಇರಲಿಲ್ಲ.

ಆ ಕಾಲದಲ್ಲಿ ಈ ನದಿ ದಾಟಬೇಕೆಂದರೆ ಅಂಬಿಗರ ಹುಲುಗಪ್ಪನೇ ಗತಿ. ಅವನ ಹರಿಗೋಲು ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಅವನ ಮನೆ ಆಚೆ ದಡದಲ್ಲಿ. ಈಚೆ ದಡದಲ್ಲಿ ನಿಂತು "ಹುಲುಗಪ್ಪಾ" ಎಂದು ಕೂಗಿದರೆ ಸಾಕು, ಅಲ್ಲಿಂದ "ಓ" ಎಂದು ಬರುತ್ತಿತ್ತು.

ಉಣ್ಣುತ್ತಿರಲಿ, ಬಲೆ ಹೆಣೆಯುತ್ತಿರಲಿ, ಹೆಂಡತಿಯ ಜೊತೆ ಜಗಳಕ್ಕೆ ಬಿದ್ದಿರಲಿ, ಮೊದಲು ಓ. ಬರುವುದು ಆಮೇಲೆ, ಅವನ ಪುರುಸೊತ್ತಿನಲ್ಲಿ. "ಮೊದಲು ಓ, ಆಮೇಲೆ ಹುಟ್ಟು" ಎಂಬುದು ಅವರ ಮನೆತನದ ಕಟ್ಟಳೆ. ಹುಟ್ಟು ಎಂದರೆ ದೋಣಿ ನಡೆಸುವ ಕೋಲು. ಅದಕ್ಕೆ ಕೈ ಹಚ್ಚುವ ಮೊದಲು ಕರೆದವರಿಗೆ ಓಗೊಡಬೇಕು.

ದಡದಲ್ಲಿ ನಿಂತವರು ಆ ಒಂದು ಓ ಕೇಳಿಸಿಕೊಂಡು ಗಂಟು ಇಳಿಸಿ, ಎಲೆ ಅಡಿಕೆ ಬಿಚ್ಚಿ, ನೆಮ್ಮದಿಯಾಗಿ ಕೂರುತ್ತಿದ್ದರು. ಅರ್ಧ ತಾಸಾದರೂ ಯಾರೂ ಎರಡನೇ ಸಲ ಕೂಗುತ್ತಿರಲಿಲ್ಲ.

ಆಗ ನೀಲಗಂಗಾಳಿಗೆ ಇಪ್ಪತ್ತೆರಡು. ಡಿಪ್ಲೊಮಾ ಮುಗಿಸಿ ಮಾಸ್ತರ ಬಳಿ ಪ್ರೋಗ್ರಾಂ ಬರೆಯುವುದು ಕಲಿಯಲು ಬಂದಿದ್ದಳು.

ಮಾಸ್ತರು ಯಾವುದೋ ವಿದ್ಯುದಾಗಾರದ ಕಂಟ್ರೋಲ್ ರೂಮಿನಲ್ಲಿ ಮೂವತ್ತು ವರ್ಷ ಸ್ವಿಚ್ಚು ದೀಪಗಳ ಮುಂದೆ ಕೂತು ನಿವೃತ್ತರಾದವರು. ಆಶ್ರಮದ ಹಿಂದೆ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಅವರ ಗುಡಿಸಲು. ಶೆಡ್ಡಿನಲ್ಲಿ ಹೊಟ್ಟೆ ಮುಂದೆ ಬಂದ ಎರಡು ಹಳೆ ಕಂಪ್ಯೂಟರ್. ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯ ಹಾಗೆ. ಕರೆಂಟು ಹೋದರೆ ಎಲ್ಲರೂ ಎದ್ದು ನದಿಗೆ ಕಾಲು ಇಳಿಬಿಟ್ಟು ಕೂರುವುದು. ಎಂಥ ಸುಖದ ದಿನಗಳು ಅವು!

ಮಾಸ್ತರ ಪಾಠ ಕಡಿಮೆ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ.

ಆಶ್ರಮದಲ್ಲಿ ಧರ್ಮಾರ್ಥ ದವಾಖಾನೆಯೊಂದಿತ್ತು. ಅದರ ಬಾಗಿಲಲ್ಲಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ದಾಕ್ಷಾಯಣಮ್ಮ. ಬಂದವರ ಹೆಸರು, ಊರು, ವಯಸ್ಸು ಕೇಳಿ, ಹಳೆಯ ಔಷಧಿ ಯಾವುದೆಂದು ನೋಡಿ ಚೀಟಿ ಬರೆದು ಕೊಡುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದರು. ಸುತ್ತಿನ ಹಳ್ಳಿಯವರಿಗೆ ಅವರು ಚೀಟಿ ಅಮ್ಮಾರು. ಗಂಡ ಇಲ್ಲ, ಮಕ್ಕಳಿಲ್ಲ. ಆ ಕುರ್ಚಿಯೇ ಅವರ ಸಂಸಾರ.

ಯಾರೋ ದಾನಿಗಳು ದವಾಖಾನೆಗೆ ಕಂಪ್ಯೂಟರ್ ಕೊಟ್ಟರು. ಪ್ರೋಗ್ರಾಂ ಬರೆಯುವ ಕೆಲಸ ನೀಲಗಂಗಾಳ ಪಾಲಿಗೆ ಬಂತು. ಅವಳ ಮೊದಲ ಕೆಲಸ ಅದು. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಒಂದು ತಿಂಗಳು ಕೂತು ಬರೆದಳು. ಹೆಸರು, ಊರು, ವಯಸ್ಸು ತುಂಬಬೇಕು. ಮೌಸಿನಿಂದ "ಚೀಟಿ ಕೊಡು" ಎಂಬ ಬಟನ್ ಒತ್ತಬೇಕು. ಪ್ರೋಗ್ರಾಂ ಹಳೆಯ ದಾಖಲೆಯನ್ನೆಲ್ಲ ಹುಡುಕಿ, ಪ್ರಿಂಟರಿನಿಂದ ಚೀಟಿ ತೆಗೆಯುತ್ತದೆ.

ಮೊದಲ ದಿನ ದಾಕ್ಷಾಯಣಮ್ಮ ಕಂಪ್ಯೂಟರಿಗೆ ಕುಂಕುಮ ಹಚ್ಚಿದರು. ಧೂಳು ಬೀಳಬಾರದೆಂದು ತಮ್ಮ ಹಳೆಯ ಇಳಕಲ್ ಸೀರೆ ಹರಿದು ಮುಸುಕು ಹೊಲಿದು ತಂದಿದ್ದರು. ಕೈ ನಡುಗುತ್ತಿತ್ತು. ಆದರೂ ಹೆಸರು ಒತ್ತಿದರು, ಊರು ಒತ್ತಿದರು, ಬಟನ್ ಒತ್ತಿದರು.

ಏನೂ ಆಗಲಿಲ್ಲ.

ಪ್ರೋಗ್ರಾಂ ಒಳಗೆ ಹುಡುಕುತ್ತಿತ್ತು. ಹುಡುಕುವಷ್ಟು ಹೊತ್ತು ಪರದೆ ಸತ್ತಂತೆ ನಿಂತುಬಿಟ್ಟಿತು. ಮೌಸು ಆಡಿಸಿದರೂ ಇಲ್ಲ, ಕೀಲಿ ಒತ್ತಿದರೂ ಇಲ್ಲ. ದಾಕ್ಷಾಯಣಮ್ಮ ತಾವು ಸರಿಯಾಗಿ ಒತ್ತಲಿಲ್ಲವೇನೋ ಎಂದು ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆ. ಮತ್ತೂ ಎರಡು ಸಲ.

ಆಮೇಲೆ ಪ್ರಿಂಟರು ಕರಕರ ಎಂದು ಐದು ಚೀಟಿ ಉಗುಳಿತು.

ಎದುರಿಗಿದ್ದ ಫಕೀರಪ್ಪಜ್ಜ ಐದನ್ನೂ ಎತ್ತಿಕೊಂಡು ಹೋಗಿ ಐದು ಬಾಟಲಿ ಕೆಮ್ಮಿನ ಔಷಧಿ ತಂದ. "ಅಮ್ಮಾರ, ಈ ಮಷೀನು ನಿಮಗಿಂತ ಧಾರಾಳ ಐತಿ ನೋಡ್ರಿ" ಎಂದು ನಮಸ್ಕಾರ ಮಾಡಿ ಮನೆಗೆ ಹೋದ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ದಾಕ್ಷಾಯಣಮ್ಮ ನಗಲಿಲ್ಲ.

ಸುದ್ದಿ ಆಶ್ರಮದ ಕಾರ್ಯದರ್ಶಿ ಬಸವಂತಪ್ಪನವರಿಗೆ ಮುಟ್ಟಿತು. ಅವರು ಕೆಟ್ಟವರಲ್ಲ, ಗಡಿಬಿಡಿಯವರು. ಬಂದು ನಿಂತು ಹೇಳಿದರು, "ಅಮ್ಮಾರ, ಪಂಚಮಿ ಹಬ್ಬದ ಮರುದಿನ ಬಂದು ನೋಡತೀನಿ. ಅಷ್ಟರಾಗ ನಿಮಗ ಬಂತು ಅಂದ್ರ ಛಲೋ. ಬರಲಿಲ್ಲ ಅಂದ್ರ ಈ ಕುರ್ಚಿಗೆ ಬ್ಯಾರೆಯವರನ್ನ ಕೂಡಸಬೇಕಾಗತೈತಿ. ನೀವು ಅಡಿಗಿಮನಿ ಕಡೆ ನೋಡಿಕೊಳ್ಳುವಿರಂತ."

ದಾಕ್ಷಾಯಣಮ್ಮ ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದರು. ಆಮೇಲೆ ನೀಲಗಂಗಾಳಿಗೆ ಮೆಲ್ಲಗೆ ಅಂದರು, "ನಿಂದೇನು ತಪ್ಪಿಲ್ಲ ಮಗಳ. ನನ್ನ ಕೈನ ಸರಿ ಇಲ್ಲ."

ನೀಲಗಂಗಾಳಿಗೆ ಪಾಪ ಎನಿಸಿತು. ಆದರೆ ಮಾತು ಮಾತ್ರ ಸರಿ ಎನಿಸಿತು. ಪ್ರೋಗ್ರಾಂ ಸರಿಯಾಗಿಯೇ ಇದೆಯಲ್ಲ! ಅಮ್ಮಾರು ಸುಮ್ಮನೆ ಕಾಯಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ತನಗೇ ಹೇಳಿದ ಮಾತೆಂದು ಆಗ ಅವಳಿಗೆ ಗೊತ್ತಾಗಲಿಲ್ಲ.

ಅವಳು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. "ಬಟನ್ ಪದೇ ಪದೇ ಒತ್ತಬಾರದು." ಅದನ್ನು ಕಂಪ್ಯೂಟರಿನ ನೆತ್ತಿಗೆ ಅಂಟಿಸಿದಳು.

ಮಾಸ್ತರು ಬಂದು ಓದಿದರು.

"ಸರಿ ಆತೇನು ಪ್ರೋಗ್ರಾಂ?"

"ಪ್ರೋಗ್ರಾಂ ಮೊದಲ ಸರಿ ಇತ್ರಿ ಮಾಸ್ತರ. ಅಮ್ಮಾರಿಗೆ ತಾಳ್ಮಿ ಇಲ್ಲ, ಅಷ್ಟ."

ಮಾಸ್ತರು ಹೂಂ ಎಂದರು. ಕಾಗದವನ್ನು ಮೆಲ್ಲಗೆ ಕಿತ್ತು, ಮಡಿಚಿ, ಜೇಬಿನಲ್ಲಿ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅವಳನ್ನು ಕರೆದರು. "ನೀಲವ್ವ, ಆಚಿ ದಂಡಿಗೆ ಹೋಗಿ ಒಂದು ಕಟ್ಟು ವೀಳ್ಯದೆಲಿ ತಗೊಂಡು ಬಾ."

ಅವಳು ಕಟ್ಟೆಗೆ ಬಂದು ನಿಂತಳು. ಆಚೆ ದಡದಲ್ಲಿ ಹುಲುಗಪ್ಪ ಹರಿಗೋಲು ಬೋರಲು ಹಾಕಿಕೊಂಡು ಡಾಂಬರು ಬಳಿಯುತ್ತಿದ್ದ. ಕಣ್ಣಿಗೆ ಕಾಣುತ್ತಿದ್ದ.

"ಹುಲುಗಪ್ಪಾ!"

ಉತ್ತರವಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಹುಲುಗಪ್ಪಣ್ಣಾ!"

ಇಲ್ಲ.

ಅವಳು ಕೈ ಬೀಸಿದಳು. ಸೆರಗು ಬೀಸಿದಳು. ಇನ್ನೊಂದು ಮೆಟ್ಟಿಲು ಇಳಿದು ಕೂಗಿದಳು. ಒಂದು ಕಲ್ಲೆತ್ತಿ ನೀರಿಗೆ ಎಸೆದಳು. ಇವನ ಕಿವಿಗೆ ಏನು ಬಡಿಯಿತು? ಇವನಿಗೇನು ಸಿಟ್ಟೇ ನನ್ನ ಮೇಲೆ? ನಾನೇನು ಮಾಡಿದೆ? ಕೂಗಿ ಕೂಗಿ ಗಂಟಲು ಹರಿದು ಹೋಯಿತು. ಕೊನೆಗೆ ಅಳು ಬರುವುದೊಂದು ಬಾಕಿ.

ಹುಲುಗಪ್ಪ ಡಾಂಬರು ಬಳಿದು ಮುಗಿಸಿದ. ಕೈ ಒರೆಸಿಕೊಂಡ. ಇನ್ನೊಂದು ಹರಿಗೋಲು ನೀರಿಗೆ ತಳ್ಳಿ, ದಿನದ ಹಾಗೇ ಆರಾಮಾಗಿ ಬಂದ.

"ಯಾಕ ಓ ಅನ್ನಲಿಲ್ಲ ಮಾರಾಯ? ಜೀವ ಬಾಯಿಗೆ ಬಂತು ನನ್ನದು!"

ಹುಲುಗಪ್ಪ ಕಣ್ಣು ತಗ್ಗಿಸಿದ. "ಮಾಸ್ತರು ಅನಬ್ಯಾಡ ಅಂದಿದ್ರವ್ವ. ನನಗೂ ಗಂಟಲಾಗ ಮುಳ್ಳು ಸಿಕ್ಕಂಗಾಗಿತ್ತು. ನಮ್ಮಜ್ಜ ಮ್ಯಾಲಿಂದ ನೋಡಿದ್ರ ನನ್ನ ಬಿಡತಿದ್ದಿಲ್ಲ."

ಅವಳು ವೀಳ್ಯದೆಲೆ ತಂದು ಮಾಸ್ತರ ಮುಂದಿಟ್ಟಳು. ಮುಖ ಊದಿಕೊಂಡಿತ್ತು.

"ಎಷ್ಟು ಸಲ ಕರದಿ?" ಮಾಸ್ತರು ಕೇಳಿದರು.

"ಹದಿನಾಲ್ಕು ಸಲ."

"ಹುಲುಗಪ್ಪ ದಿನಾ ಬರೋದಕ್ಕಿಂತ ತಡ ಮಾಡಿದನೇನು?"

ಅವಳು ಯೋಚಿಸಿದಳು. "ಇಲ್ರಿ. ಅಷ್ಟ ಹೊತ್ತು."

ಮಾಸ್ತರು ಜೇಬಿನಿಂದ ಆ ಕಾಗದ ತೆಗೆದು ಅವಳ ಕೈಗೆ ಕೊಟ್ಟರು.

"ಹೋಗು. ಕಟ್ಟಿ ಮ್ಯಾಲಿನ ಬೇವಿನ ಗಿಡಕ್ಕ ಇದನ್ನ ಅಂಟಿಸಿ ಬಾ."

ನೀಲಗಂಗಾ ಕಾಗದ ಬಿಚ್ಚಿ ಓದಿದಳು. ಪದೇ ಪದೇ ಒತ್ತಬಾರದು. ತನ್ನದೇ ಅಕ್ಷರ. ಅವಳ ಕಿವಿ ಕೆಂಪಾಯಿತು. ಐದು ಸಲ ಒತ್ತಿದ ದಾಕ್ಷಾಯಣಮ್ಮನಿಗೆ ತಾಳ್ಮೆ ಇಲ್ಲ ಅಂದಿದ್ದಳಲ್ಲ, ಹದಿನಾಲ್ಕು ಸಲ ಕೂಗಿದವಳು!

ಆ ದಿನವೇ ಪ್ರೋಗ್ರಾಂ ಬಿಚ್ಚಿ ಕೂತಳು. ಅಲ್ಲಿಯವರೆಗೆ ಪ್ರೋಗ್ರಾಮಿನೊಳಗೆ ಒಬ್ಬನೇ ಆಳು ಇದ್ದ ಹಾಗೆ, ಹುಡುಕುವವನೂ ಅವನೇ, ಕರೆದವರಿಗೆ ಉತ್ತರ ಕೊಡುವವನೂ ಅವನೇ. ಹುಡುಕಲು ಒಳಗೆ ಹೋದರೆ ಬಾಗಿಲಲ್ಲಿ ಯಾರೂ ಇಲ್ಲ. ಈಗ ಹುಡುಕುವ ಕೆಲಸಕ್ಕೆ ಬೇರೊಂದು ಆಳು ಇಟ್ಟಳು. ಬಾಗಿಲಲ್ಲಿ ಇರುವವನಿಗೆ ಬಾಗಿಲು ಬಿಟ್ಟು ಕದಲಬೇಡ ಎಂದಳು.

ಬಟನ್ ಒತ್ತಿದ ಕೂಡಲೇ ಅದು ಮಸುಕಾಗಿ, "ಹುಡುಕಾಕತ್ತೀನಿ" ಎಂದು ಪರದೆ ಹೇಳಬೇಕು. ಅಷ್ಟು ಬರೆದು ಒತ್ತಿ ನೋಡಿದಳು. ಹೇಳಿತು! ಅವಳು ಕುರ್ಚಿಯಿಂದ ಎದ್ದು ಕುಣಿದಳು.

ಎರಡನೇ ಸಲ ಒತ್ತಿದಳು. ಪ್ರೋಗ್ರಾಂ ಢಮಾರ್ ಎಂದು ಬಿದ್ದುಹೋಯಿತು.

ಮೂರನೇ ಸಲ ಸರಿ. ನಾಲ್ಕನೇ ಸಲ ಮತ್ತೆ ಬಿತ್ತು. ಒಮ್ಮೆ ಹೆಸರಿನ ಜಾಗದಲ್ಲಿ ಊರು, ಊರಿನ ಜಾಗದಲ್ಲಿ ಔಷಧಿ. ಮೂರು ದಿನ ತಲೆ ಕೆಡಿಸಿಕೊಂಡರೂ ಗೊತ್ತಾಗಲಿಲ್ಲ. ಪಂಚಮಿಗೆ ಆರು ದಿನ ಉಳಿದಿತ್ತು.

"ಮಾಸ್ತರ, ಈಗ ಇಬ್ಬರದಾರ ಕೆಲಸಕ್ಕ. ಆದರೂ ಬೀಳತೈತಿ."

"ಇಬ್ಬರು ಅದಾರೋ? ನಡಿ, ಹರಿಗೋಲಾಗ ಕುಂತು ಮಾತಾಡೋಣು."

ನಡುನೀರಿನಲ್ಲಿ ಮಾಸ್ತರು ಅವಳ ಕೈಗೂ ಒಂದು ಹುಟ್ಟು ಕೊಟ್ಟರು. "ನೀನೂ ಹಾಕು. ಇಬ್ಬರು ಹಾಕಿದ್ರ ಜಲ್ದಿ ಮುಟ್ಟತೀವಿ."

ಅವಳು ಹಾಕಿದಳು. ಹುಲುಗಪ್ಪ ಆ ಕಡೆ ಹಾಕಿದ. ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು. ದಡ, ಆಶ್ರಮ, ಬೇವಿನ ಗಿಡ, ಮತ್ತೆ ದಡ. ಮಾಸ್ತರ ಟೋಪಿ ನೀರಿಗೆ ಬಿತ್ತು.

"ಬಿಡವ್ವ ಯವ್ವಾ, ಕೈ ಬಿಡು!" ಹುಲುಗಪ್ಪ ಕೂಗಿದ. "ಕೆಲಸಕ್ಕ ಹತ್ತು ಮಂದಿ ಇರಲಿ, ಹರಿಗೋಲಾಗ ಹುಟ್ಟು ಮಾತ್ರ ಒಬ್ಬರ ಕೈಯಾಗಿರಬೇಕು!"

ಮಾಸ್ತರು ಟೋಪಿ ಹೋದ ಕಡೆ ನೋಡುತ್ತ ನಕ್ಕರು.

ನೀಲಗಂಗಾ ಒದ್ದೆ ಕಾಲಿನಲ್ಲೇ ಶೆಡ್ಡಿಗೆ ಓಡಿದಳು. ಹುಡುಕುವ ಆಳು ತಾನು ಕಂಡದ್ದನ್ನು ನೇರವಾಗಿ ಪರದೆಯ ಮೇಲೆ ಬರೆಯಲು ಹೋಗುತ್ತಿದ್ದ. ಅದೇ ಹೊತ್ತಿಗೆ ಬಾಗಿಲಿನವನೂ ಬರೆಯುತ್ತಿದ್ದ. ಅವಳು ಅದನ್ನು ತಿದ್ದಿದಳು. ಹುಡುಕುವವನು ಕಂಡದ್ದನ್ನು ಬಾಗಿಲಿನವನ ಕಿವಿಯಲ್ಲಿ ಹೇಳಬೇಕು, ಪರದೆಯ ಮೇಲೆ ಬರೆಯುವುದು ಬಾಗಿಲಿನವನೊಬ್ಬನೇ. ಆಮೇಲೆ ಪ್ರೋಗ್ರಾಂ ಬೀಳಲಿಲ್ಲ.

ದಾಕ್ಷಾಯಣಮ್ಮ ಬಂದು ಒತ್ತಿ ನೋಡಿದರು. "ಹುಡುಕಾಕತ್ತೀನಿ" ಎಂದು ಓದಿ ಅವರ ಮುಖ ಅರಳಿತು. "ಇದಕ್ಕ ಕಿವಿ ಬಂತಲ್ಲ ಮಗಳ!" ಎಂದರು. ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಒಂದೇ ಚೀಟಿ ಬಂತು.

ಪಂಚಮಿಯ ಮರುದಿನ ಬಸವಂತಪ್ಪನವರು ಬಂದು ಕುರ್ಚಿಯ ಬೆನ್ನಿಗೆ ನಿಂತರು. ಉದ್ದ ಸಾಲು ಇತ್ತು. ಮಾಸ್ತರು ಕಿಟಕಿಯ ಹತ್ತಿರ. ನೀಲಗಂಗಾ ಬಾಗಿಲಲ್ಲಿ.

ಮೊದಲ ನಾಲ್ಕು ಚೀಟಿ ಹೂವೆತ್ತಿದ ಹಾಗೆ ಬಂದವು. ಐದನೆಯವನು ಫಕೀರಪ್ಪಜ್ಜ.

ವಯಸ್ಸು ಅರವತ್ತೆಂಟು. ದಾಕ್ಷಾಯಣಮ್ಮನ ಬೆರಳು ನಡುಗಿ ಎಂಟು ಎರಡು ಸಲ ಬಿತ್ತು. ಆರುನೂರ ಎಂಬತ್ತೆಂಟು.

ಕಂಪ್ಯೂಟರ್ ಕಿರ್ ಎಂದು ಕೂಗಿತು. ಪರದೆಯ ನಟ್ಟನಡುವೆ ಕೆಂಪು ಪೆಟ್ಟಿಗೆ ಮೂಡಿತು. ಅದರಲ್ಲಿ ದೊಡ್ಡದಾಗಿ "ತಪ್ಪು!"

ದಾಕ್ಷಾಯಣಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಏನು ಒತ್ತಬೇಕೋ ತಿಳಿಯದೆ ಯಾವುದನ್ನೋ ಒತ್ತಿದರು. ಮತ್ತೆ ಕಿರ್. ಮತ್ತೆ "ತಪ್ಪು!" ಇಪ್ಪತ್ತಾರು ವರ್ಷ ಆ ಬಾಗಿಲಲ್ಲಿ ಅವರಿಗೆ ಯಾರೂ ಆ ಮಾತು ಅಂದಿರಲಿಲ್ಲ. ಸಾಲಿನವರೆಲ್ಲ ನೋಡುತ್ತಿದ್ದರು.

ಅವರು ಎದ್ದುನಿಂತರು. "ಆಗಂಗಿಲ್ರಿ ನನ್ನ ಕಡಿಂದ. ನಾ ಅಡಿಗಿಮನಿಗೆ ಹೋಗತೀನಿ" ಎಂದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಆ ಪೆಟ್ಟಿಗೆಯನ್ನು ಬರೆದವಳು ಇದೇ ನೀಲಗಂಗಾ. ಕೆಂಪು ಬಣ್ಣ ಆರಿಸಿದವಳೂ ಅವಳೇ, ಕಿರ್ ಎನ್ನಿಸಿದವಳೂ ಅವಳೇ.

"ನೋಡ್ರಿ ಮಾಸ್ತರ, ನಾ ಹೇಳಲಿಲ್ಲೇನು?" ಬಸವಂತಪ್ಪನವರು ಅಂದರು.

"ಖರೇ ಐತಿ" ಮಾಸ್ತರು ಅಂದರು. "ನೀವು ಓದಿದವರು. ಮಂದಿ ನಿಂತಾರ. ನೀವ ಕುಂತು ಅಜ್ಜನ ಚೀಟಿ ಕೊಟ್ಟುಬಿಡ್ರಿ."

ಬಸವಂತಪ್ಪನವರು ಅಂಗಿಯ ತೋಳು ಏರಿಸಿ ಕೂತರು. ವಯಸ್ಸು ಸರಿ ಮಾಡಿದರು. ಊರಿನ ಜಾಗ ಖಾಲಿಯಾಗಿತ್ತು, ನೋಡಲಿಲ್ಲ. ಠೀವಿಯಿಂದ ಬಟನ್ ಒತ್ತಿದರು.

ಕಿರ್. "ತಪ್ಪು!"

"ಯಪ್ಪಾ, ಸಾಹೇಬರಿಗೂ ತಪ್ಪ ಅಂತೈತಿ!" ಫಕೀರಪ್ಪಜ್ಜ ಅಂದ. ಸಾಲು ಗೊಳ್ ಎಂದಿತು.

ಬಸವಂತಪ್ಪನವರ ಮುಖ ಪರದೆಯಷ್ಟೇ ಕೆಂಪಾಯಿತು. "ಏನ್ರಿ ಇದು! ತಪ್ಪು ಅಂದ್ರ ಏನು ತಪ್ಪು? ಎಲ್ಲಿ ತಪ್ಪು? ನಾಲ್ಕು ಮಂದಿ ಮುಂದ ಹಿಂಗ ಬೈಯಾಕ ಇದು ಯಾರ್ರಿ?"

ನಗು ನಿಂತಿತು. ಬಸವಂತಪ್ಪನವರು ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮನ ಮುಖ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ಅದನ್ನು ಪಂಚೆಯ ತುದಿಯಿಂದ ಒರೆಸಿದರು.

"ಇನ್ನೊಂದು ವಾರ ತಗೋಳ್ರಿ" ಎಂದು ಹೊರಟುಹೋದರು.

ಆ ಸಂಜೆ ನೀಲಗಂಗಾ ಮಾಸ್ತರ ಕಾಲ ಬಳಿ ಕೂತು ಅತ್ತಳು. "ತಪ್ಪು ಅನ್ನದ ಹೆಂಗ ತಿದ್ದಿಸೋದ್ರಿ ಮಾಸ್ತರ? ತಪ್ಪು ತಪ್ಪ ಅಲ್ಲೇನು?"

"ನನಗ ಗೊತ್ತಿಲ್ಲವ್ವ. ಗೊತ್ತಿದ್ದವರು ಆ ಕುರ್ಚಿ ಮ್ಯಾಲ ಕುಂತಾರ. ನಾಳಿಂದ ಅವರ ಮಗ್ಗಲಕ ಕುಂದರು. ಬಾಯಿ ತಗೀಬ್ಯಾಡ."

ಆರು ದಿನ ಅವಳು ನೆಲದ ಮೇಲೆ ಕೂತು ಕೇಳಿದಳು. ದಾಕ್ಷಾಯಣಮ್ಮ ಮತ್ತೆ ಕೈಯಲ್ಲೇ ಚೀಟಿ ಬರೆಯುತ್ತಿದ್ದರು.

"ವಯಸ್ಸು ಎಷ್ಟು ಯಜಮಾನ?"

"ಒಂದು ನೂರಾ ಐವತ್ತು ಇರಬೇಕ್ರಿ."

"ಹೋದ ಸಲ ಎಪ್ಪತ್ತು ಅಂದಿದ್ದಿ. ಅದನ್ನ ಬರಕೊಳ್ಳಲೇನು?"

"ಹೂನ್ರಿ, ಅದ ಇರಲಿ."

ಊರು ಹೇಳುವುದನ್ನು ಮರೆತವರಿಗೆ: "ಯಾವ ಊರಿಂದ ನಡಕೊಂಡು ಬಂದಿ ತಾಯಿ? ಅದೊಂದು ಹೇಳಿಬಿಡು, ಚೀಟಿ ಕೊಟ್ಟುಬಿಡತೀನಿ."

ಬೇರೆಯವರ ಚೀಟಿ ತಂದವರಿಗೆ: "ಇದು ನಿಮ್ಮ ಅಕ್ಕಂದು. ಇರಲಿ ಬಿಡು. ನಿಂದು ಇಲ್ಲೇ ಐತಿ, ತಗೋ."

ಯಾರಿಗೂ ತಪ್ಪು ಎಂದು ಹೇಳಲಿಲ್ಲ. ಯಾರ ತಪ್ಪನ್ನೂ ಹಾಗೇ ಬಿಡಲೂ ಇಲ್ಲ.

ನೀಲಗಂಗಾ ಆ ಮಾತುಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಕೆಂಪು ಪೆಟ್ಟಿಗೆ ತೆಗೆದಳು. ಕಿರ್ ಸದ್ದು ತೆಗೆದಳು. ಆ ಜಾಗದಲ್ಲೆಲ್ಲ ದಾಕ್ಷಾಯಣಮ್ಮನ ಮಾತುಗಳನ್ನೇ ಇಟ್ಟಳು, ಒಂದಕ್ಷರ ಬದಲಿಸದೆ.

ವಾರದ ಮೇಲೆ ಬಸವಂತಪ್ಪನವರು ಬಂದರು. ಫಕೀರಪ್ಪಜ್ಜನೂ ಬಂದಿದ್ದ, ತಮಾಷೆ ನೋಡಲು. ದಾಕ್ಷಾಯಣಮ್ಮನ ಬೆರಳು ಈ ಸಲವೂ ನಡುಗಿತು. ಈ ಸಲವೂ ಎಂಟು ಎರಡು ಸಲ ಬಿತ್ತು.

ಪರದೆಯ ಮೇಲೆ, ವಯಸ್ಸಿನ ಮಗ್ಗುಲಲ್ಲೇ, ಸಣ್ಣಗೆ ಒಂದು ಸಾಲು ಮೂಡಿತು. "ಹೋದ ಸಲ ಅರವತ್ತೆಂಟು ಅಂದಿದ್ರಿ. ಅದನ್ನ ಬರಕೊಳ್ಳಲೇನು?"

ದಾಕ್ಷಾಯಣಮ್ಮ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಪರದೆಗೆ ಎದುರು ನುಡಿದರು, ಮನುಷ್ಯರಿಗೆ ಹೇಳುವ ಹಾಗೆಯೇ. "ಹೂನವ್ವ, ಅದ ಇರಲಿ."

ಚೀಟಿ ಬಂತು.

ಕುರ್ಚಿ ಉಳಿಯಿತು. ಅದಾದ ಮೇಲೆ ಹದಿನೇಳು ವರ್ಷ ಅವರು ಅದರಲ್ಲೇ ಕೂತರು.

ನೀಲಗಂಗಾ ಕಟ್ಟೆಯಿಂದ ಎದ್ದಳು. ಬಿಸಿಲು ಏರಿತ್ತು. ಮೊದಲು ದವಾಖಾನೆಗೆ ಹೋದಳು.

ಕುರ್ಚಿ ಅದೇ. ಅದರಲ್ಲಿ ಹೊಸಬಳು, ಹನಮವ್ವ ಎಂದು ಹೆಸರು. ಕಂಪ್ಯೂಟರ್ ಹೊಸದು, ಹೊಟ್ಟೆ ಇಲ್ಲದ್ದು. ಆದರೂ ಇಳಕಲ್ ಸೀರೆಯ ಮುಸುಕು ಮಡಿಚಿ ಪಕ್ಕದಲ್ಲಿಟ್ಟಿತ್ತು. ಪರದೆಯ ಮೇಲೆ ಒಂದು ಸಾಲು ಮೂಡಿದ್ದು ನೀಲಗಂಗಾಳಿಗೆ ಕಂಡಿತು. "ಯಾವ ಊರಿಂದ ನಡಕೊಂಡು ಬಂದ್ರಿ? ಅದೊಂದು ಹೇಳಿಬಿಡ್ರಿ."

"ಇದನ್ನ ನಿನಗ ಯಾರು ಕಲಿಸಿದ್ರವ್ವ?"

"ದಾಕ್ಷಾಯಣಮ್ಮಾರು ರೀ. ಎರಡ ದಿನದಾಗ ಬಂತು. ಏನು ಮಾಡಬೇಕಂತ ಅದ ಹೇಳತೈತಲ್ರಿ."

"ಅಮ್ಮಾರು ಈಗ ಎಲ್ಲಿ ಅದಾರ?"

ಹನಮವ್ವ ಕೈಕೆಲಸ ನಿಲ್ಲಿಸಿದಳು. "ಯುಗಾದಿ ಆದ ಮ್ಯಾಲ ತೀರಿಕೊಂಡ್ರು ರೀ. ನೀವು ದೂರದವರೇನು?"

ನೀಲಗಂಗಾ ಕೈಚೀಲವನ್ನು ಎದೆಗೆ ಅವಚಿಕೊಂಡಳು.

"ಕಡೀಕ ಹಾಸಿಗಿ ಹಿಡಿದಿದ್ರು. ಯಾರೋ ನೀಲವ್ವ ಅಂತ ಇದ್ರಂತ್ರಿ. ಪೋಸ್ಟಿನವ ಬಂದಾಗೊಮ್ಮೆ ಕೇಳತಿದ್ರು, 'ನೀಲವ್ವನ ಕಾರ್ಡು ಬಂತೇನು?' ಅಂತ. ದಿನಾ ಕೇಳತಿದ್ರು."

ದಿನಾ. ನೀಲಗಂಗಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರಜೆ ಸಿಕ್ಕ ಮೇಲೆ, ದಿನ ಗೊತ್ತಾದ ಮೇಲೆ, ಎಲ್ಲ ಸರಿಹೋದ ಮೇಲೆ ಬರೆಯಬೇಕೆಂದಿದ್ದ ಕಾರ್ಡು. ಬರ್ತೀನಿ ಎಂಬ ಒಂದು ಮಾತಿನದು. ಅಯ್ಯೋ ನನ್ನ ಬಾಳೇ ಎಂದು ಅವಳ ಒಳಗು ಚೀರಿತು. ಹದಿನೈದು ಬ್ಯಾಚಿನ ಮಕ್ಕಳಿಗೆ ಹರಿಗೋಲಿನ ಕಥೆ ಹೇಳಿ ಪಾಠ ಮಾಡಿದವಳು ಅವಳು.

ಮಾಸ್ತರ ಬಗ್ಗೆ ಕೇಳಲು ನಾಲಿಗೆ ಏಳಲಿಲ್ಲ. ಏನು ಹೇಳಿಬಿಡುತ್ತಾಳೋ!

ಅವಳು ಹಿಂದಕ್ಕೆ ನಡೆದಳು. ಶೆಡ್ಡಿನ ತಗಡಿಗೆ ತುಕ್ಕು ಹಿಡಿದಿತ್ತು. ಗುಡಿಸಲಿನ ಬಾಗಿಲು ಹಾಕಿತ್ತು. ಹೊರಗೆ ಒಂದು ಜೊತೆ ಚಪ್ಪಲಿ, ಮೇಲೆ ಧೂಳು. ಯಾರೂ ಇರುವ ಗುರುತಿಲ್ಲ.

ಕರೆಯಬೇಕು. ಎಷ್ಟು ಸಲ ಕರೆದರೆ ಸಾಕಾದೀತು, ಹನ್ನೊಂದು ತಿಂಗಳು ಸುಮ್ಮನಿದ್ದವಳು? ಯಾವ ಬಾಯಲ್ಲಿ ಕರೆಯಬೇಕು?

ಕಣ್ಣೊರೆಸಿಕೊಂಡು ಒಂದು ಸಲ ಕರೆದಳು. ಧ್ವನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಮಾಸ್ತರ..."

ಒಳಗೆ ಮಂಚ ಕಿರುಗುಟ್ಟಿತು. ಕೋಲು ಹುಡುಕಿ ನೆಲ ತಡವುವ ಸದ್ದಾಯಿತು. ಆದರೆ ಅದೆಲ್ಲಕ್ಕಿಂತ ಮೊದಲು, ಅವಳು ಕರೆದ ಮರುಕ್ಷಣವೇ, ಹಣ್ಣಾದ ಆ ಧ್ವನಿ ಬಾಗಿಲಾಚೆಯಿಂದ ಬಂದಿತ್ತು.

"ಓ! ಓ ನೀಲವ್ವಾ! ಕೇಳಸ್ತವ್ವ. ಎದ್ದು ಬರೋದು ತಡ ಆಗತೈತಿ, ನಿಂದ್ರು."